ಅಕ್ಕನ ಹೆಸರಿನ ಟ್ಯೂಬು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದರ್ಜಿ ಕುರ್ಚಿಯ ತುದಿಯಲ್ಲಿ ಕೂತು, "ನನ್ನ ಹೆಂಡ್ತಿನ ಆಸ್ಪತ್ರೆಯೋರು ಕೊಂದ್ರು, ಮೇಡಂ" ಎಂದ.

ಬಟ್ಟೆ ಹೊಲಿಯುವಾಗ ಆಕೆಯ ಬೆರಳಿಗೆ ಸೂಜಿ ಚುಚ್ಚಿ ಕೀವಾಗಿತ್ತು. ನಂಜು ರಕ್ತಕ್ಕೇರಿ ಐಸಿಯು ಸೇರಿದ್ದಳು.

"ಚೇತರಿಸ್ಕೊತಿದಾರೆ ಅಂತ ಶುಕ್ರವಾರ ವಾರ್ಡಿಗೆ ಹಾಕಿದ್ರು. ಭಾನುವಾರ ಹೆಣ ಕೊಟ್ರು. ಆ ಸುಳ್ಳು ಯಾರು ಹೇಳಿದ್ದು, ನನಗೆ ಅಷ್ಟು ಗೊತ್ತಾಗ್ಬೇಕು."

"ಅಲ್ಲಿ ನಿಮ್ಮ ಕಡೆಯೋರು ಯಾರಾದ್ರೂ ಇದ್ರಾ?" ಇನ್‌ಸ್ಪೆಕ್ಟರ್ ಕೇಳಿದರು.

"ನನ್ನ ಬಾಮೈದ ಅಲ್ಲೇ ಡಾಕ್ಟ್ರು. ಸಾಕ್ಷಿ ಅಂತ ಅವನನ್ನೇ ಬರ್ಕೊಳ್ಳಿ. ದೂರು ಬೇಡ ಭಾವ, ಬೇಗ ಮಣ್ಣು ಮಾಡೋಣ ಅಂತಿದಾನೆ. ಪಾಪ, ಅಕ್ಕನೇ ಅವನಿಗೆ ತಾಯಿ. ಹೊಲಿದೂ ಹೊಲಿದೂ ಓದಿಸಿದ್ಲು."

ಹೆಡ್ ಕಾನ್‌ಸ್ಟೇಬಲ್ ಎಫ್‌ಐಆರ್ ದಾಖಲಿಸಿದ. ಶವ ಮರಣೋತ್ತರ ಪರೀಕ್ಷೆಗೆ ಹೋಯಿತು. ಶ್ವಾಸಕೋಶದಲ್ಲಿ ಹೊಸ ಸೋಂಕಿತ್ತು. ಅದನ್ನು ತಡೆಯಬೇಕಿದ್ದ ಬಿಳಿ ರಕ್ತಕಣಗಳು, ಅವುಗಳ ನೆಲೆಯಾದ ಗುಲ್ಮದಲ್ಲಿ (ಸ್ಪ್ಲೀನ್), ಹೆಚ್ಚೂಕಡಿಮೆ ಉಳಿದೇ ಇರಲಿಲ್ಲ.

ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋಗಿ ಆ ವರದಿಯನ್ನು ಐಸಿಯು ವೈದ್ಯರ ಮುಂದಿಟ್ಟರು.

"ನಂಜೇರಿದಾಗ ಮೈಯ ಕಾವಲು ಕಣಗಳು ಮೊದಲು ಜೋರಾಗಿ ಹೊಡೆದಾಡ್ತವೆ. ಆಮೇಲೆ ಅವೇ ಗುಂಪುಗುಂಪಾಗಿ ಸಾಯ್ತವೆ. ಆಗ ಸಣ್ಣ ಸೋಂಕು ಬಂದ್ರೂ ತಡೆಯೋರಿಲ್ಲ. ಅದಕ್ಕೇ ಅಂಥ ರೋಗೀನ ಬೇರೆ ಕೋಣೇಲಿ ಇಡ್ತೀವಿ."

"ಇವರನ್ನ ವಾರ್ಡಿಗೆ ಯಾಕೆ ಕಳಿಸಿದ್ರಿ?"

"ಕಣಗಳು ಹೆಚ್ಚಾಗ್ತಿದ್ವಲ್ಲ! ಅವು ಸಾಯದ ಹಾಗೆ ತಡೆಯೋ ಹೊಸ ಔಷಧ, ಪ್ರಯೋಗಕ್ಕೆ ಅಂತ ಇವರಿಗೆ ಕೊಡ್ತಿದ್ವಿ. ಎಣಿಸ್ತಿದ್ದುದು ಮೇಲಿನ ಲ್ಯಾಬಲ್ಲಿ."

"ಯಾರು?"

"ಅವರ ತಮ್ಮ. ಔಷಧಾನೂ ಅವರದ್ದೇ."

"ನೀವು ಇನ್ನೊಂದ್ಸಲ ನೋಡ್ಲಿಲ್ವಾ?"

"ಒಡಹುಟ್ಟಿದೋನು, ಮೇಡಂ. ಅವನಿಗಿಂತ ಚೆನ್ನಾಗಿ ಯಾರು ನೋಡ್ತಾರೆ ಅಂದ್ಕೊಂಡೆ."

"ಇಲ್ಲಿ ಎಲ್ರೂ ನಂಬಿದೋರೇ. ನೋಡಿದೋರು ಒಬ್ರೂ ಇಲ್ಲ" ಎಂದು ಹೆಡ್ ಕಾನ್‌ಸ್ಟೇಬಲ್ ಮೆಟ್ಟಿಲು ಹತ್ತುತ್ತಾ ಗೊಣಗಿದ. ಮಂಡಿನೋವಿನ ಸಿಟ್ಟೂ ಅದರಲ್ಲಿ ಸೇರಿತ್ತು.

ಎಣಿಸಿ ಉಳಿದ ರಕ್ತವನ್ನು ಪ್ರಯೋಗ ಮುಗಿಯುವವರೆಗೆ ಫ್ರೀಜರಿನಲ್ಲಿಡುವುದು ಆ ಲ್ಯಾಬಿನ ನಿಯಮ. ಒಂದು ಟ್ಯೂಬು ಕಮ್ಮಿಯಾದರೂ ಆ ರೋಗಿಯ ಫಲಿತಾಂಶ ಲೆಕ್ಕಕ್ಕಿಲ್ಲ. ತಮ್ಮನೇ ಫ್ರೀಜರ್ ತೆಗೆದುಕೊಟ್ಟ. ಪಂಚರ ಮುಂದೆ ಪಂಚನಾಮೆ ಬರೆದು, ಅಕ್ಕನ ಹೆಸರಿನ ಐದು ಟ್ಯೂಬುಗಳನ್ನು ವಶಕ್ಕೆ ಪಡೆಯಲಾಯಿತು.

ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಎರಡು ವಾರಕ್ಕೆ ಬಂತು. ಮೊದಲ ಮೂರು ಟ್ಯೂಬುಗಳ ರಕ್ತ ಮೃತಳದ್ದು. ಕೊನೆಯ ಎರಡರಲ್ಲಿದ್ದದ್ದು ಒಬ್ಬ ಆರೋಗ್ಯವಂತ ಗಂಡಸಿನದ್ದು. ನ್ಯಾಯಾಲಯದ ಅನುಮತಿ ಪಡೆದು ತಮ್ಮನ ರಕ್ತ ಪರೀಕ್ಷಿಸಿದರು. ತಾಳೆಯಾಯಿತು.

"ಬೇಲಿನೇ ಎದ್ದು ಹೊಲ ಮೇಯ್ತು" ಎಂದ ಹೆಡ್ ಕಾನ್‌ಸ್ಟೇಬಲ್. ಅಂದೇ ಮಧ್ಯಾಹ್ನ ಬಂಧನವಾಯಿತು.

"ಅಕ್ಕನ ರಕ್ತ ಏನು ಮಾಡಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಎಣಿಸಿದೆ. ಕಣಗಳು ಸಾಯ್ತಾನೇ ಇದ್ವು. ಸಿಂಕಿಗೆ ಚೆಲ್ಲಿ, ನನ್ನ ರಕ್ತದ ಲೆಕ್ಕ ಕೊಟ್ಟೆ."

"ಯಾಕೆ?"

"ಅಷ್ಟು ಇಳಿದ್ರೆ ಔಷಧ ನಿಲ್ಲಿಸ್ಬೇಕು. ಆರು ವರ್ಷದ ಕೆಲಸ ಮಣ್ಣುಪಾಲಾಗ್ತಿತ್ತು. ಇನ್ನೆರಡು ದಿನ ಕೊಟ್ರೆ ಹಿಡಿಯುತ್ತೆ ಅಂದ್ಕೊಂಡೆ."

"ವಾರ್ಡಿಗೆ ಹಾಕ್ತಾರೆ ಅಂದಾಗ?"

"ಬೇಡ ಅಂದಿದ್ರೆ, ಯಾಕೆ ಅಂತ ಕೇಳ್ತಿದ್ರು."

ಇನ್‌ಸ್ಪೆಕ್ಟರ್‌ಗೆ ಮೈ ಉರಿದುಹೋಯಿತು. ಅವನಿಗೆ ಅಕ್ಕ ಸಾಯಲಿ ಎಂದೇನೂ ಇರಲಿಲ್ಲ, ತನ್ನ ಔಷಧವೇ ಅವಳನ್ನು ಬದುಕಿಸಬೇಕಿತ್ತು. ಆ ಹೆಮ್ಮೆಯ ಮುಂದೆ ಅವಳ ಜೀವ ಎರಡನೆಯದಾಯಿತು.

ಹೊರಗಿನ ಬೆಂಚಿನಲ್ಲಿದ್ದ ದರ್ಜಿಗೆ ಅವರೇ ಹೋಗಿ ಹೇಳಿದರು. ಅವನು ಅಳಲಿಲ್ಲ.

"ಸಾಕ್ಷಿ ಅಂತ ಬರೆಸಿದ್ನಲ್ಲ, ಅವನ ಹೆಸರು ಹೊಡೆದುಹಾಕಿ" ಎಂದ. ಬೆಂಚಿನಿಂದೆದ್ದು, "ವಾರ್ಡಿಗೆ ಬಂದ ದಿನ ನನ್ನ ಕೈ ಹಿಡ್ಕೊಂಡು, 'ನನ್ನ ತಮ್ಮ ನನ್ನ ಉಳಿಸಿಬಿಟ್ಟ ಕಣ್ರೀ' ಅಂದ್ಲು, ಮೇಡಂ. ಅವನು ಅಲ್ಲೇ ನಿಂತಿದ್ದ" ಎಂದ.