ತೂತಿಲ್ಲದ ತುದಿ

ಬಾಗಿಲು ಹೊರಕ್ಕೆ ತೆರೆದುಕೊಂಡಿತು. ಅದಕ್ಕೆ ಹಣೆಯೂರಿ ಮಂಡಿಯ ಮೇಲೆ ಕುಳಿತಿದ್ದ ಮುದುಕನೂ ಅದರೊಡನೆ ಹೊರಕ್ಕೆ ವಾಲಿದ. ಹುಬ್ಬುಗಳ ಮೇಲೆ ಹಿಮ ಕೂತಿತ್ತು. ಬಲಗೈ ಏನನ್ನೋ ಬಿಗಿಯಾಗಿ ಹಿಡಿದಿತ್ತು.

ಅವನು ಆ ಶೀತಗೃಹದ ಮೇಸ್ತ್ರಿ. ಇಪ್ಪತ್ತೈದು ವರ್ಷ ಅಲ್ಲಿನ ಯಂತ್ರಗಳನ್ನು ಸಾಕಿದವನು. ಹೆಪ್ಪುಗಟ್ಟಿದ ಮೀನಿನ ಪೆಟ್ಟಿಗೆಗಳ ನಡುವೆ, ಮೂರನೆಯ ಕೋಣೆಯೊಳಗೆ, ಮೂರು ಗಂಟೆ ಹೊತ್ತು ಸಿಕ್ಕಿಬಿದ್ದು ಸತ್ತಿದ್ದ.

ಇನ್ಸ್‌ಪೆಕ್ಟರು ಬಂದಾಗ ಮಧ್ಯಾಹ್ನ ಎರಡು. ಅವರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದರು. ದೇವರೇ, ಈ ಜೀವವನ್ನು ಇನ್ನಾದರೂ ಬೆಚ್ಚಗಿಡು ಎಂದು ಬೇಡಿಕೊಂಡರು. ಆಮೇಲೆ ಟೋಪಿ ಹಾಕಿಕೊಂಡು ಬಗ್ಗಿದರು.

ಕೈಯಲ್ಲಿದ್ದದ್ದು ಒಂದು ಮಲ್ಟಿಟೂಲ್. ಚಾಕು, ಇಕ್ಕಳ, ಗರಗಸ, ಅರ, ಸ್ಕ್ರೂಡ್ರೈವರು, ಎಲ್ಲ ಒಂದರೊಳಗೊಂದು ಮಡಚಿಕೊಳ್ಳುವ ಉಪಕರಣ. ಹೊಚ್ಚ ಹೊಸದು. ಅದರಲ್ಲಿ ಕಬ್ಬಿಣ ಉಜ್ಜುವ ಅರ ಮಾತ್ರ ಬಿಚ್ಚಿಕೊಂಡಿತ್ತು.

"ಇದಕ್ಕೆ ಇಲ್ಲಿ ಹತ್ತುಕೈ ಅಂತಾರೆ ಸಾರ್," ಎಂದಳು ಹೆಡ್ ಕಾನ್‌ಸ್ಟೇಬಲ್. ಮೂರು ಮಕ್ಕಳ ತಾಯಿ, ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು. "ಮೇಸ್ತ್ರಿ ಜೇಬಲ್ಲಿ ಇದು ಇಲ್ಲದ ದಿನ ಇಲ್ಲವಂತೆ."

"ಒಳಗಿನಿಂದ ಬಾಗಿಲು ತೆಗೆಯೋ ಹಿಡಿ?"

"ಮುರಿದು ಹೋಗಿದೆ. ಎಚ್ಚರಿಕೆ ಗಂಟೆ ಕೆಟ್ಟು ತಿಂಗಳಾಯ್ತು. ಮೊಬೈಲಿಗೆ ಈ ಗೋಡೆ ದಾಟಕ್ಕೆ ಆಗಲ್ಲ."

"ಹಾಗಾದ್ರೆ ಒಳಗೆ ಯಾಕೆ ಹೋದ?"

"ಹಿಡಿ ಮುರಿದ ಜಾಗದಲ್ಲಿ ಒಂದು ಸ್ಕ್ರೂ ಇದೆ. ಹತ್ತುಕೈಲಿ ಅದನ್ನ ಅರ್ಧ ಸುತ್ತು ತಿರುಗಿಸಿದ್ರೆ ಅಗುಳಿ ಬಿಡುತ್ತೆ. ಮೇಸ್ತ್ರಿ ದಿನಾ ಹಂಗೇ ಬರ್ತಿದ್ದ. ಬೇರೆ ಯಾರೂ ಆ ಕೆಲಸಕ್ಕೆ ಕೈ ಹಾಕಲ್ಲ."

ಇನ್ಸ್‌ಪೆಕ್ಟರು ಸ್ಕ್ರೂ ನೋಡಿದರು. ತಲೆಯಲ್ಲಿ ನಕ್ಷತ್ರದ ಆಕಾರದ ಗುಳಿ. ಗುಳಿಯ ನಡುವೆ ಎದ್ದು ನಿಂತ, ಸಾಸಿವೆ ದಪ್ಪದ ಒಂದು ಕಡ್ಡಿ. ಕಡ್ಡಿ ಮುಕ್ಕಾಲು ಸವೆದಿತ್ತು. ಕೆಳಗೆ, ಹಿಮದ ಮೇಲೆ, ಬೂದಿಯಂಥ ಕಬ್ಬಿಣದ ಪುಡಿ. ಅವರು ಜೇಬಿನಿಂದ ಒಂದು ಪುಟ್ಟ ಮಡಚು ಚಾಕು ತೆಗೆದು ಪುಡಿಯನ್ನು ಕಾಗದಕ್ಕೆ ಎತ್ತಿಕೊಂಡರು.

"ಆ ಚಾಕು ಬೆಣ್ಣೇನೂ ಕುಯ್ಯಲ್ಲ ಸಾರ್."

"ಪುಡಿ ಎತ್ತಕ್ಕೆ ಸಾಕು."

ಅದು ಇನ್ಸ್‌ಪೆಕ್ಟರ ಹೆಂಡತಿಯ ಚಾಕು. ಆಕೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

\* \* \*

ಮ್ಯಾನೇಜರು ಕೋಟಿನ ಗುಂಡಿಗಳನ್ನು ಹಾಕುತ್ತ ಬಿಚ್ಚುತ್ತ ಕುಳಿತಿದ್ದ.

"ಆತ್ಮಹತ್ಯೆ ಇರಬಹುದು. ಹೆಂಡತಿ ಸತ್ತ ಮೇಲೆ ಮನುಷ್ಯ ಮಂಕಾಗಿದ್ದ. ನಿಮಗೆ ಗೊತ್ತಿರುತ್ತೆ, ಈ ವಯಸ್ಸಲ್ಲಿ—"

"ಗೊತ್ತು," ಎಂದರು ಇನ್ಸ್‌ಪೆಕ್ಟರು. "ಸಾಯೋಕೆ ಹೋದವನು ಅರ ಹಿಡಿದು ಕಬ್ಬಿಣ ಉಜ್ಜಲ್ಲ. ಗಂಟೆ ಯಾಕೆ ರಿಪೇರಿ ಆಗಿಲ್ಲ?"

"ಕಾಗದ ನನ್ನ ಮೇಜಿನ ಮೇಲಿದೆ. ಸಹಿ ಹಾಕೋದು ಮರೆತೆ."

"ಹತ್ತುಕೈ ಹೊಸದು. ಹಳೇದೆಲ್ಲಿ?"

ಮ್ಯಾನೇಜರು ಗೋಡೆಯ ಕಡೆ ಕೈ ತೋರಿಸಿದ. ಗಾಜಿನ ಬೀರುವಿನಲ್ಲಿ ಒಂದೆರಡು ಬಹುಮಾನದ ಕಪ್ಪುಗಳ ನಡುವೆ ಸವೆದು ಬೆಳ್ಳಗಾದ ಹತ್ತುಕೈ ಮಲಗಿತ್ತು. ಕೆಳಗೆ ಚೀಟಿ: 'ಇಪ್ಪತ್ತೈದು ವರ್ಷಗಳ ನಿಷ್ಠಾವಂತ ಸೇವೆ'. ಬೀರುವಿಗೆ ಬೀಗ. ಮೂರನೆಯ ಕೋಣೆಗೂ ಅದಕ್ಕೂ ಇಪ್ಪತ್ತು ಹೆಜ್ಜೆ.

"ಎಂಟು ದಿನದ ಹಿಂದೆ ಸನ್ಮಾನ ಮಾಡಿದ್ವಿ. ಹೊಸದು ಕೊಟ್ಟು ಹಳೇದನ್ನ ಇಸ್ಕೊಂಡ್ವಿ. ಇನ್ನು ಇದಕ್ಕೆ ವಿಶ್ರಾಂತಿ ಅಂತ ನಾನೇ ಭಾಷಣದಲ್ಲಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಅವನಿಗೆ ಕೊಡೋಕೆ ಮನಸ್ಸಿರಲಿಲ್ಲ, ಬಟ್ಟೇಲಿ ಎರಡು ಸಲ ಒರೆಸಿ ಕೊಟ್ಟ."

"ಹೊಸದನ್ನ ಆರಿಸಿದ್ದು ಯಾರು?"

"ಆರಿಸೋದೇನು? ಕಾಗದ ಸುತ್ತಿದ ಡಬ್ಬಿ ನನ್ನ ಮೇಜಿನ ಮೇಲಿತ್ತು. ಉಗ್ರಾಣದವರು ತಂದಿರಬೇಕು."

ಉಗ್ರಾಣದಲ್ಲಿ ಗುಮಾಸ್ತ ಅಳುತ್ತಿದ್ದ. ಮೇಸ್ತ್ರಿಗೂ ಅವನಿಗೂ ಇಪ್ಪತ್ತು ವರ್ಷದ ಗೆಳೆತನ. ದಿನಾ ಹನ್ನೊಂದಕ್ಕೆ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದವರು. ಈಗಲೂ ಎರಡು ಲೋಟ ಎದುರಿಗಿದ್ದವು.

"ನಾನು ಅದನ್ನ ಕಣ್ಣಿಂದಲೂ ನೋಡಿಲ್ಲ ಸಾರ್. ಸನ್ಮಾನದ ದಿನ ಡಬ್ಬಿ ನೋಡಿದ್ದೆ ಅಷ್ಟೆ. ಆಫೀಸಿನವರು ತಂದಿದ್ದು."

ಹೀಗೆ ಉಡುಗೊರೆಯನ್ನು ಎಲ್ಲರೂ ಕೊಟ್ಟಿದ್ದರು, ಯಾರೂ ಕೊಂಡಿರಲಿಲ್ಲ.

\* \* \*

ಇನ್ಸ್‌ಪೆಕ್ಟರ ಮೇಲಿನ ಅಧಿಕಾರಿಗೆ ಇದೆಲ್ಲ ಬೇಕಿರಲಿಲ್ಲ. ಅವರ ಕೈಗೆ ಆಗಲೇ ಒಬ್ಬ ಸಿಕ್ಕಿದ್ದ: ಮೇಸ್ತ್ರಿಯ ಅಳಿಯ. ಅವನೂ ಅಲ್ಲೇ ಮೆಕ್ಯಾನಿಕ್. ಒಬ್ಬ ಒಳಗೆ ಹೋದರೆ ಇನ್ನೊಬ್ಬ ಬಾಗಿಲಲ್ಲಿ ನಿಲ್ಲಬೇಕು ಎಂಬುದು ನಿಯಮ. ಅವನು ನಿಂತಿರಲಿಲ್ಲ. ಹಿಂದಿನ ದಿನವಷ್ಟೇ ಮಾವನೊಂದಿಗೆ ಏರುದನಿಯಲ್ಲಿ ಜಗಳವಾಡಿದ್ದ.

ಠಾಣೆಯ ಲಾಕಪ್ಪಿನಲ್ಲಿ ಅವನು ಕಂಬಿಗೆ ಬೆನ್ನು ಕೊಟ್ಟು ಕುಳಿತಿದ್ದ.

"ಜಗಳ ಯಾತಕ್ಕೆ?"

"ಬೇರೆ ಫ್ಯಾಕ್ಟರಿಗೆ ಹೋಗ್ತೀನಿ ಅಂದೆ. ಈ ಬಾಗಿಲುಗಳನ್ನ ನಂಬೋಕಾಗಲ್ಲ ಮಾವ ಅಂದೆ. ಹೇಡಿ ಅಂದ್ರು."

"ಬಾಗಿಲು ಬಿಟ್ಟು ಎಲ್ಲಿಗೆ ಹೋದೆ?"

"ಇಂಟರ್‌ಕಾಮ್ ಬಂತು. ನಿನ್ನ ಹೆಂಡತಿ ಗೇಟಿನ ಹತ್ತಿರ ಅಳ್ತಾ ನಿಂತಿದಾಳೆ ಅಂದ್ರು. ಯಂತ್ರದ ಸದ್ದಲ್ಲಿ ಯಾರ ದನಿ ಅಂತ ತಿಳೀಲಿಲ್ಲ. ಓಡಿದೆ. ಅಲ್ಲಿ ಯಾರೂ ಇರಲಿಲ್ಲ. ವಾಪಸ್ ಬಂದಾಗ ಬಾಗಿಲು ಮುಚ್ಚಿತ್ತು. ಅದು ತಾನೇ ಮುಚ್ಚಿಕೊಳ್ಳೋ ಬಾಗಿಲು. ಮಾವ ಕೆಲಸ ಮುಗಿಸಿ ಹೊರಗೆ ಬಂದಿರ್ತಾರೆ ಅಂದ್ಕೊಂಡೆ. ಅವರು ಯಾವಾಗ್ಲೂ ಬರ್ತಿದ್ರಲ್ಲ ಸಾರ್."

ಹೊರಗಿನ ಬೆಂಚಿನಲ್ಲಿ ಅವನ ಹೆಂಡತಿ, ಮೇಸ್ತ್ರಿಯ ಒಬ್ಬಳೇ ಮಗಳು. ಅತ್ತು ಮುಗಿಸಿದ ಮುಖ.

"ನಾನು ಗೇಟಿಗೆ ಹೋಗೇ ಇಲ್ಲ. ಸುಳ್ಳು ಹೇಳಿ ಗಂಡನನ್ನ ಬಿಡಿಸ್ಕೋ ಅಂದ್ರು ಅಕ್ಕಪಕ್ಕದವರು. ಹೇಳಲ್ಲ. ಅಪ್ಪ ತಾನೇ ಸಾಯೋಕೆ ಹೋದ ಅಂತಾನೂ ಒಬ್ಬರು ಅಂತಾರೆ. ಒಂದೇ ದಿನದಲ್ಲಿ ಇಬ್ಬರನ್ನೂ ಕಿತ್ಕೊಂಡು, ನಂಬೋಕೆ ಎರಡು ಸುಳ್ಳು ಕೊಟ್ಟಿದೀರಿ."

"ನಾಳೆ ಮಧ್ಯಾಹ್ನದವರೆಗೆ ಸಮಯ ಇದೆಯಮ್ಮ," ಎಂದರು ಇನ್ಸ್‌ಪೆಕ್ಟರು. ಅಷ್ಟು ಹೊತ್ತಿಗೆ ಅಳಿಯನನ್ನು ಕೋರ್ಟಿಗೆ ಒಪ್ಪಿಸಬೇಕಿತ್ತು. ಆಮೇಲೆ ಮುಚ್ಚಿಕೊಳ್ಳುವ ಜೈಲಿನ ಬಾಗಿಲು ಅವರ ಕೈಯಲ್ಲಿರಲಿಲ್ಲ.

\* \* \*

ಉಡುಗೊರೆಯ ಡಬ್ಬಿಯ ತಳದಲ್ಲಿ ಅಂಗಡಿಯ ಚೀಟಿ ಅಂಟಿತ್ತು. ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರೂ ಹೆಡ್ ಕಾನ್‌ಸ್ಟೇಬಲ್ಲೂ ಅಲ್ಲಿಗೆ ಹೋದರು.

ಕಿರಿದಾದ ಅಂಗಡಿ. ಗೋಡೆ ತುಂಬ ಚಾಕು, ಕತ್ತರಿ. ಒಳಗೆ ಸಾಣೆಕಲ್ಲಿನ ಮುಂದೆ ಒಬ್ಬ ಮುದುಕ.

"ಕೊಂಡವನ ಮುಖ ಕೇಳಬೇಡಿ ಸ್ವಾಮಿ, ಕಣ್ಣಿಗೆ ಪೊರೆ ಬಂದಿದೆ. ಕಿವಿಯನ್ನ ಈ ಕಲ್ಲು ತಿಂದು ಹಾಕಿದೆ. ಬೆರಳು ಮಾತ್ರ ಇನ್ನೂ ನನ್ನ ಮಾತು ಕೇಳ್ತವೆ." ಮೇಸ್ತ್ರಿಯ ಹೊಸ ಹತ್ತುಕೈಯನ್ನು ಸವರಿದ. "ಹಾಂ. ಇದನ್ನ ಮರೆಯೋ ಹಾಗಿಲ್ಲ."

"ಯಾಕೆ?"

"ದಿನಾ ಜೇಬಲ್ಲಿ ಇಟ್ಕೊಳ್ಳೋದನ್ನ ಜನ ಹೇಗೆ ಆರಿಸ್ತಾರೆ ಗೊತ್ತಾ? ಇದರಲ್ಲಿ ಏನೇನಿದೆ ಅಂತ ಕೇಳ್ತಾರೆ. ಗರಗಸ ಇದೆಯಾ, ಕತ್ತರಿ ಇದೆಯಾ, ಬಾಟಲಿ ತೆಗೆಯೋದು ಇದೆಯಾ. ಜನ್ಮದಲ್ಲಿ ಬಾಟಲಿ ಮುಟ್ಟದವನೂ ಅದನ್ನ ಕೇಳ್ತಾನೆ. ಈ ಮನುಷ್ಯ ಮಾತ್ರ ಇದರಲ್ಲಿ ಏನೇನಿಲ್ಲ ಅಂತ ಕೇಳಿದ."

ಅವನು ಎರಡು ಹತ್ತುಕೈಗಳನ್ನು ಮೇಜಿನ ಮೇಲಿಟ್ಟ. ಬಣ್ಣ ಒಂದೇ, ಗಾತ್ರ ಒಂದೇ. ಎರಡರಲ್ಲೂ ನಕ್ಷತ್ರದ ತುದಿಯನ್ನು ಬಿಚ್ಚಿದ.

"ಮುಟ್ಟಿ ನೋಡಿ. ಇದರ ತುದೀಲಿ ಸಣ್ಣ ತೂತಿದೆ. ನಡುವೆ ಕಡ್ಡಿ ಇರೋ ಸ್ಕ್ರೂಗೂ ಆಗುತ್ತೆ, ಕಡ್ಡಿ ಇಲ್ಲದ್ದಕ್ಕೂ ಆಗುತ್ತೆ. ಅದಕ್ಕೆ ತೂತಿಲ್ಲ. ಕಡ್ಡಿ ಇದ್ರೆ ಒಳಗೇ ಹೋಗಲ್ಲ. ಬೆಲೆ ಎರಡಕ್ಕೂ ಒಂದೇ. ತೂತಿರೋದು ತಗೊಳ್ಳಿ, ಹೆಚ್ಚು ಕೆಲಸಕ್ಕೆ ಬರುತ್ತೆ ಅಂತ ಎರಡು ಸಲ ಹೇಳಿದೆ. ಬೇಡ, ತೂತಿಲ್ಲದ್ದೇ ಕೊಡಿ ಅಂದ. ಕಡಿಮೆ ಕೆಲಸ ಮಾಡೋದನ್ನ ಬೇಡಿ ತಗೊಂಡವನು ಅವನೊಬ್ಬನೇ."

ಇನ್ಸ್‌ಪೆಕ್ಟರು ಎರಡೂ ತುದಿಗಳನ್ನು ಬೆರಳಿಂದ ಮುಟ್ಟಿ ನೋಡಿದರು. ಮೇಸ್ತ್ರಿ ಹೊಸ ಉಡುಗೊರೆಯನ್ನು ಬಿಚ್ಚಿ ನೋಡಿರುತ್ತಾನೆ. ನಕ್ಷತ್ರ ಇದೆ, ಸರಿ ಎಂದು ಜೇಬಿಗೆ ಹಾಕಿರುತ್ತಾನೆ. ಅರವತ್ತರ ಹತ್ತಿರದ ಕಣ್ಣಿಗೆ ಸಾಸಿವೆಯಷ್ಟು ತೂತು ಎಲ್ಲಿ ಕಾಣಬೇಕು? ತೂತಿಲ್ಲವೆಂದು ಅವನಿಗೆ ತಿಳಿದದ್ದು ಬಾಗಿಲು ಮುಚ್ಚಿಕೊಂಡ ಮೇಲೆ.

"ನಿಮ್ಮ ಜೇಬಲ್ಲಿ ಇರೋದನ್ನ ಕೊಡಿ, ಸಾಣೆ ಹಿಡಿದು ಕೊಡ್ತೀನಿ," ಎಂದ ಮುದುಕ. ಪುಟ್ಟ ಚಾಕುವಿನ ಕೀಲನ್ನು ಬೆರಳಿಂದ ತಡವಿದ. ಬೆರಳು ಕಪ್ಪಾಯಿತು. "ಪೆನ್ಸಿಲಿನ ಸೀಸ. ಮನೇಲಿ ಟೀಚರಾ?"

"ಇದ್ದರು."

ಮುದುಕ ಚಾಕುವನ್ನು ಮಡಚಿ, ಸಾಣೆ ಹಿಡಿಯದೆ ಹಾಗೆಯೇ ಹಿಂದಕ್ಕೆ ಕೊಟ್ಟ.

ಇನ್ಸ್‌ಪೆಕ್ಟರು ತೂತಿರುವ ಹತ್ತುಕೈಯೊಂದನ್ನು ಕೊಂಡುಕೊಂಡರು.

\* \* \*

ಹನ್ನೊಂದು ಗಂಟೆ. ಸವೆದ ಸ್ಕ್ರೂವನ್ನು ಸಾಕ್ಷಿಗೆ ತೆಗೆದು, ಅದೇ ಜಾತಿಯ ಹೊಸದನ್ನು ಬಾಗಿಲಿಗೆ ಹಾಕಿಸಿದ್ದರು. ಇನ್ಸ್‌ಪೆಕ್ಟರು, ಮ್ಯಾನೇಜರು, ಗುಮಾಸ್ತ, ಮೂವರೂ ಮೂರನೆಯ ಕೋಣೆಯೊಳಗೆ ನಿಂತರು. ಅವರ ಹಿಂದೆ ಬಾಗಿಲು ತಾನಾಗಿ ಬಂದು ಕೂತಿತು. ದಪ್ಪ ರಬ್ಬರು ಉಸಿರೆಳೆದಂತೆ ಸದ್ದಾಯಿತು. ಆಮೇಲೆ ಯಾವ ಸದ್ದೂ ಇಲ್ಲ.

"ಹೊರಗೆ ನಿಮ್ಮವರು ಇದ್ದಾರಲ್ಲ?" ಎಂದ ಮ್ಯಾನೇಜರು.

"ಇದ್ದಾರೆ. ಎಷ್ಟು ಬಡಿದರೂ ತೆಗೀಬೇಡ ಅಂದಿದೀನಿ. ಮೇಸ್ತ್ರಿ ಬರ್ತಿದ್ದ ಹಾಗೇ ನಾವೂ ಬರೋಣ."

ಚಳಿ ಮೊದಲು ಮೂಗಿಗೆ ಬಂತು. ಆಮೇಲೆ ಬೆರಳುಗಳಿಗೆ. ಗುಮಾಸ್ತ ಬಾಗಿಲನ್ನೇ ನೋಡುತ್ತಿದ್ದ. ಈ ಗೋಡೆಗಳು ಪ್ರಾರ್ಥನೆಯನ್ನಾದರೂ ಹೊರಗೆ ಬಿಡುತ್ತವೆಯೋ ಇಲ್ಲವೋ ಎಂದು ಇನ್ಸ್‌ಪೆಕ್ಟರು ಅಂದುಕೊಂಡರು.

ಅವರು ಜೇಬಿನಿಂದ ಹೊಸ ಹತ್ತುಕೈ ತೆಗೆದು, ಮಡಚಿದಂತೆಯೇ ಮ್ಯಾನೇಜರಿಗೆ ಕೊಟ್ಟರು.

"ತೆಗೀರಿ."

ಮ್ಯಾನೇಜರು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಹಲ್ಲು ಕಟಕಟ ಎನ್ನುತ್ತಿತ್ತು. "ಯಾವುದನ್ನ ಬಿಚ್ಚಬೇಕು?"

"ನಕ್ಷತ್ರದ್ದು."

"ಅದು ಹಿಡಿಯಲ್ಲ," ಎಂದ ಗುಮಾಸ್ತ.

"ಯಾಕೆ?"

"ಅದರ ತುದಿಗೆ ತೂತಿಲ್ಲ. ಆಟ ಆಡಬೇಡಿ ಸಾರ್, ಹೊರಗಿನವರಿಗೆ ಹೇಳಿ. ಗಾಜಿನ ಬೀರುವಿಂದ ಹಳೇದನ್ನ ತರಿಸಿ. ಇದು ಹಿಡಿಯಲ್ಲ. ನಾವು ಇಲ್ಲೇ—"

"ಬಿಚ್ಚಿ ಮ್ಯಾನೇಜರೇ," ಎಂದರು ಇನ್ಸ್‌ಪೆಕ್ಟರು.

ಮ್ಯಾನೇಜರು ತುದಿಯನ್ನು ಬಿಚ್ಚಿ ಸ್ಕ್ರೂಗೆ ಇಟ್ಟ. ಅದು ಒಳಗೆ ಕೂತಿತು. ಅರ್ಧ ಸುತ್ತು. ಬಾಗಿಲು ಹೊರಕ್ಕೆ ತೆರೆದುಕೊಂಡಿತು.

ಗುಮಾಸ್ತ ಮಾತ್ರ ಒಳಗೇ ನಿಂತಿದ್ದ.

\* \* \*

"ಸ್ಕ್ರೂನಲ್ಲಿ ಕಡ್ಡಿ ಇರೋದು ನಿಮಗೆ ಗೊತ್ತಿತ್ತು, ಸರಿ," ಎಂದರು ಇನ್ಸ್‌ಪೆಕ್ಟರು. ನಾಲ್ವರೂ ಚಹಾದ ಬೆಂಚಿನ ಹತ್ತಿರವಿದ್ದರು. "ಉಗ್ರಾಣದವರು ನೀವು. ಆದ್ರೆ ಹತ್ತುಕೈ ಮ್ಯಾನೇಜರ ಕೈಲಿ ಮಡಚೇ ಇತ್ತು. ತುದಿ ಒಳಗಿತ್ತು. ಅದಕ್ಕೆ ತೂತಿಲ್ಲ ಅಂತ ನಿಮಗೆ ಹೇಗೆ ತಿಳೀತು? ಆ ಮಾತನ್ನ ನಾವು ಯಾರಿಗೂ ಹೇಳಿಲ್ಲ. ನಾನು ಕೊಟ್ಟದ್ದು ಬೇರೆ ಹತ್ತುಕೈ. ಅದಕ್ಕೆ ತೂತಿದೆ. ತೂತಿಲ್ಲದ್ದು ಠಾಣೇಲಿದೆ. ಇಲ್ಲಿ ಅದರ ತುದಿ ನೋಡಿದ್ದು ಇಬ್ಬರು. ಒಬ್ಬ ಸತ್ತ. ಇನ್ನೊಬ್ಬ ಅದನ್ನ ಆರಿಸಿದ. ನೀವು ಕಣ್ಣಿಂದಲೂ ನೋಡಿಲ್ಲ ಅಂದ್ರಿ."

ಗುಮಾಸ್ತ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ.

"ನಿನ್ನೆ ಮೂರನೇ ಕೋಣೇಲಿ ಫ್ಯಾನ್ ಸದ್ದು ಮಾಡ್ತಿದೆ ಅಂತ ಚೀಟಿ ಬರೆದು ಮೇಸ್ತ್ರಿನ ಒಳಗೆ ಕಳಿಸಿದ್ದು ಯಾರು?" ಎಂದು ಹೆಡ್ ಕಾನ್‌ಸ್ಟೇಬಲ್ ಮ್ಯಾನೇಜರನ್ನು ಕೇಳಿದಳು.

"ಇವರೇ. ಸನ್ಮಾನದ ದಿನದಿಂದ ಎಂಟು ದಿನ ಆ ಕೋಣೆ ಮುಚ್ಚಿತ್ತು, ಮೇಸ್ತ್ರಿ ಒಳಗೆ ಹೋಗಿರಲಿಲ್ಲ." ಅವನಿಗೆ ಈಗ ಒಂದೊಂದೇ ಅರ್ಥವಾಗುತ್ತಿತ್ತು. "ಬೀರುವಿಗೆ ಹಳೇದು, ವಿಶ್ರಾಂತಿ... ಆ ಭಾಷಣಾನೂ ಇವರೇ ಬರೆದುಕೊಟ್ಟಿದ್ದು. ನಾನು ಓದಿದೆ."

"ಯಾಕೆ?" ಎಂದರು ಇನ್ಸ್‌ಪೆಕ್ಟರು, ಮೆಲ್ಲಗೆ.

ಗುಮಾಸ್ತ ಲೋಟಗಳನ್ನು ನೋಡಿದ.

"ಹೋದ ತಿಂಗಳು ಆ ಕೋಣೆ ಎರಡು ದಿನ ಕೆಟ್ಟಿತ್ತು. ಮೀನು ಕರಗಿ ಮತ್ತೆ ಗಟ್ಟಿಯಾಯ್ತು. ನಾನು ಹೊಸ ತಾರೀಖಿನ ಚೀಟಿ ಅಂಟಿಸಿ ಕಳಿಸಿಬಿಟ್ಟೆ. ಆಸ್ಪತ್ರೆ ಅಡುಗೆಮನೆಗೂ ಹೋಯ್ತು. ತಿಂದ ಜನ ಕಾಯಿಲೆ ಬಿದ್ರು. ಮೇಸ್ತ್ರಿಗೆ ಗೊತ್ತಾಯ್ತು. ಬೈಯ್ಯಲಿಲ್ಲ. ನೀನೇ ಹೋಗಿ ಯಜಮಾನರಿಗೆ ಹೇಳು, ನಾನೂ ಜೊತೆಗೆ ಬರ್ತೀನಿ, ಹತ್ತು ದಿನ ತಗೋ ಅಂದ. ದಿನಾ ಇಲ್ಲೇ ಕೂತು ಚಹಾ ಕುಡಿದು, ಹೇಳಿದೆಯೇನೋ ಅಂತ ಕೇಳೋನು. ಉಸಿರು ಕಟ್ಟಿದ ಹಾಗಾಗೋದು. ನಿನ್ನೆ ಅಳಿಯನಿಗೆ ಇಂಟರ್‌ಕಾಮ್ ಮಾಡಿದ್ದೂ ನಾನೇ."

"ಉಸಿರಾಡು ಅಂತ ಅವನು ಹತ್ತು ದಿನ ಕೊಟ್ಟ," ಎಂದರು ಇನ್ಸ್‌ಪೆಕ್ಟರು. "ಅದರಲ್ಲಿ ನೀವು ಅಂಗಡಿಗೆ ಹೋದಿರಿ."

\* \* \*

ಲಾಕಪ್ಪಿನ ಬೀಗದಲ್ಲಿ ಕೀಲಿ ತಿರುಗಿತು. ಅಳಿಯ ಎದ್ದು ಬಂದ. ಹೆಂಡತಿಯ ಎದುರು ನಿಂತು, ಅವಳ ಸೆರಗಿನ ತುದಿ ಹಿಡಿದುಕೊಂಡ.

ಗಾಜಿನ ಬೀರುವಿನ ಹಳೆಯ ಹತ್ತುಕೈಯನ್ನು ಇನ್ಸ್‌ಪೆಕ್ಟರು ಅವಳಿಗೆ ಕೊಟ್ಟರು. ಅವಳು ಅದನ್ನು ಗಂಡನ ಜೇಬಿಗೆ ಹಾಕಿದಳು. ಹಾಕಿ, ಜೇಬಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು:

"ಅಪ್ಪ ಎಷ್ಟು ಹೊತ್ತು ಉಜ್ಜಿದರು ಸಾರ್?"

ಹೆಡ್ ಕಾನ್‌ಸ್ಟೇಬಲ್ ಮುಖ ತಿರುಗಿಸಿದಳು. ಇನ್ಸ್‌ಪೆಕ್ಟರ ಬೆರಳು ತಮ್ಮ ಜೇಬಿನ ಪುಟ್ಟ ಚಾಕುವನ್ನು ಹುಡುಕಿತು.

"ಕಡ್ಡಿ ಮುಕ್ಕಾಲು ಸವೆದಿತ್ತಮ್ಮ. ಕೈ ಮರಗಟ್ಟಿದ ಮೇಲೂ ಅರ ಬಿಟ್ಟಿರಲಿಲ್ಲ. ಮನೆಗೆ ಬರೋಕೆ ಹೊರಟಿದ್ದರು."

ಅವಳು ತಲೆಯಾಡಿಸಿದಳು. ಆಮೇಲೆ ಗಂಡನನ್ನು ಕರೆದುಕೊಂಡು, ತೆರೆದೇ ಇದ್ದ ಬಾಗಿಲಿನಿಂದ ಬಿಸಿಲಿಗೆ ಹೋದಳು.