ಇನ್ನಾರು ತಿಂಗಳು

"ಎಲ್ಲರೂ ನಿಮ್ಮ ಬ್ಯಾಗನ್ನ ಮೇಜಿನ ಮೇಲೆ ಸುರೀರಿ," ಎಂದ ತರಬೇತಿಯ ಮೇಷ್ಟ್ರ ದನಿ ಕೇಳಿದ್ದೇ ಅವಳು ತನ್ನ ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡಳು. ಬ್ಯಾಗಿನ ಭಯಕ್ಕಲ್ಲ, ಆ ದನಿಯ ಭಯಕ್ಕೆ.

ತಡವಾಗಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿ ಏನೋ ಬರೆಯುತ್ತಿದ್ದುದರಿಂದ ಬೆನ್ನು ಮಾತ್ರ ಕಂಡಿತ್ತು. ಈಗ ತಿರುಗಿದಾಗ ಮುಖವೂ ಕಂಡಿತು. ಒಂಬತ್ತು ವರ್ಷ ಹಳೆಯದಾದ ಅದೇ ಮುಖ. ಕನ್ನಡಕ ಮಾತ್ರ ಹೊಸದು.

ನರ್ಸುಗಳ ಸಂಘದ ಮೂವತ್ತೆರಡು ಶಾಖೆಗಳಿಂದ ಪದಾಧಿಕಾರಿಗಳು ಬಂದಿದ್ದರು. ಮೂರು ದಿನದ ನಾಯಕತ್ವ ತರಬೇತಿ. ಸೊರಗಿದ ಶಾಖೆಗಳಿಗೆ ಕಸುವು ತುಂಬುವುದು ಉದ್ದೇಶ ಎಂದು ಸುತ್ತೋಲೆಯಲ್ಲಿತ್ತು. ಅದನ್ನು ಓದಿ ಅವಳಿಗೆ ಮೈ ಉರಿದಿತ್ತು. ಮಕ್ಕಳ ವಾರ್ಡಿನ ಕೆಲಸದ ಜೊತೆಗೆ ಇಷ್ಟು ವರ್ಷವೂ ಶಾಖೆಯ ಕಾರ್ಯದರ್ಶಿಯಾಗಿ ಒದ್ದಾಡಿದವಳು ಅವಳು. ತನ್ನ ಶಾಖೆ ಸೊರಗಿದ್ದು ಯಾವಾಗ?

ಅವನು ಒಬ್ಬೊಬ್ಬರ ಮೇಜಿನ ಬಳಿ ನಿಲ್ಲುತ್ತಾ ಬಂದ. ಅವಳೆದುರು ಬಂದಾಗ ಒಂದು ಹೆಜ್ಜೆ ತಡವರಿಸಿದ್ದನ್ನು ಅವಳೊಬ್ಬಳೇ ಗಮನಿಸಿದಳು.

"ಸಿಸ್ಟರ್, ನಿಮ್ಮದು?"

ಸುರಿಯದೆ ವಿಧಿಯಿರಲಿಲ್ಲ. ಶಾಖೆಯ ಸೀಲು, ಅದರ ಶಾಯಿಯ ಪ್ಯಾಡು, ನಡಾವಳಿ ಪುಸ್ತಕ, ಸದಸ್ಯರ ಹಾಜರಿ ಪುಸ್ತಕ, ಕಚೇರಿಯ ಬೀಗದ ಕೈ, ಬೀರುವಿನ ಬೀಗದ ಕೈ, ಆ ಬೀರುವಿನದೇ ಇನ್ನೊಂದು ಬೀಗದ ಕೈ. ಕಡೆಗೊಂದು ಬಾಚಣಿಗೆ.

"ಬೀರು ಒಂದು ಮರೆತು ಬಂದಿದ್ದೀರಿ," ಎಂದ.

"ಬಸ್ಸಲ್ಲಿ ಹತ್ತಿಸಿಕೊಳ್ಳಲಿಲ್ಲ."

ಕೋಣೆ ಘೊಳ್ಳೆಂದಿತು. ಅವನು ನಗಲಿಲ್ಲ, ಆದರೆ ಕನ್ನಡಕದ ಹಿಂದೆ ಕಣ್ಣಿನ ಮೂಲೆ ಸುಕ್ಕಾಯಿತು. ಆ ಸುಕ್ಕು ಅವಳಿಗೆ ಚೆನ್ನಾಗಿ ಗೊತ್ತು. ಅದಕ್ಕಾಗಿಯೇ ಒಂದು ಕಾಲದಲ್ಲಿ ಬೇಕೆಂದೇ ತಮಾಷೆಯ ಮಾತು ಹುಡುಕಿಟ್ಟುಕೊಂಡು ಪಾಳಿಗೆ ಹೋಗುತ್ತಿದ್ದಳು.

ಆಗ ಇಬ್ಬರೂ ಒಂದೇ ವಾರ್ಡಿನಲ್ಲಿದ್ದರು. ಪಾಳಿ ಒಪ್ಪಿಸುವುದಕ್ಕೆ ಅಲ್ಲೊಂದು ಪದ್ಧತಿ. ಹೋಗುವವರು ಪ್ರತಿ ಹಾಸಿಗೆಯ ಬಳಿ ನಿಂತು ರೋಗಿಯ ವಿವರ ಹೇಳಬೇಕು. ಎಲ್ಲ ಮುಗಿದ ಮೇಲೆ ಬಂದವರು "ಇನ್ನೇನಾದ್ರೂ ಇದೆಯಾ?" ಎಂದು ಕೇಳಬೇಕು. "ಇನ್ನೇನೂ ಇಲ್ಲ" ಎಂದ ಮೇಲೆ ಬಂದವರು "ತಗೊಂಡೆ" ಎನ್ನಬೇಕು. ಆ ಮಾತು ಕಿವಿಗೆ ಬೀಳದೆ ಹೋಗುವವರು ವಾರ್ಡ್ ಬಿಡುವಂತಿಲ್ಲ. ಅವನು ಅದನ್ನು ಬೇಗ ಹೇಳುತ್ತಲೇ ಇರಲಿಲ್ಲ. ಪೆನ್ನಿನ ಕ್ಯಾಪು ತೆಗೆದು, ಹಾಕಿ, ಚಾರ್ಟು ತಿರುವಿ, ಅವಳನ್ನು ನೋಡಿ, ಮತ್ತೆ ಚಾರ್ಟು ತಿರುವುತ್ತಿದ್ದ. "ಬಸ್ ಹೋಗತ್ತೆ, ಹೇಳೋ ಮಾರಾಯಾ," ಎಂದು ಅವಳು ಗೊಣಗಬೇಕು. ಗೊಣಗುತ್ತಲೇ ಇನ್ನೊಂದು ಬಸ್ಸಿದೆಯಲ್ಲ ಎಂದುಕೊಳ್ಳಬೇಕು. ಹಾಗೆ ಎಷ್ಟು ಬಸ್ಸುಗಳು ಹೋದವೋ.

ಹದಿನೇಳು ಜನರನ್ನು ಕಟ್ಟಿಕೊಂಡು ಶಾಖೆ ಹುಟ್ಟುಹಾಕಿದ್ದೂ ಅವರಿಬ್ಬರೇ. ವರ್ಷದೊಳಗೆ ಕೇಂದ್ರ ಕಚೇರಿಯಿಂದ ಅವನಿಗೆ ಕರೆ ಬಂತು. "ನೀನೂ ಬಾ, ಮದುವೆ ಆಗೋಣ," ಎಂದ. "ಶಾಖೆ ಈಗಷ್ಟೇ ಕಾಲೂರ್ತಿದೆ, ಆರು ತಿಂಗಳು ಕೊಡು," ಎಂದಳು. ಕೊಟ್ಟ. ಮತ್ತೆರಡು ಸಲ ಕೇಳಿದಳು, ಎರಡು ಸಲವೂ ಕೊಟ್ಟ. ನಾಲ್ಕನೆಯ ಸಲ ಅವಳು ಕೇಳಲಿಲ್ಲ, ಅವನು ಫೋನೂ ಮಾಡಲಿಲ್ಲ. "ನಿನ್ನ ಸಂಘವನ್ನೇ ಮದುವೆ ಆಗ್ಬಿಡು, ಊಟಕ್ಕೆ ನಾನು ಬರ್ತೀನಿ," ಎನ್ನುತ್ತಿದ್ದ ಅವಳ ಚಿಕ್ಕಮ್ಮ ಕೂಡ ಈಚೆಗೆ ಆ ಮಾತು ಬಿಟ್ಟಿದ್ದರು.

ಮಧ್ಯಾಹ್ನ ಅವನು ಎಲ್ಲರಿಗೂ ಒಂದೊಂದು ಫಾರಂ ಹಂಚಿದ. ಮೇಲೆ ಶಾಖೆಯ ಹೆಸರು, ಕೆಳಗೆ ಒಂದೇ ಸಾಲು: ನನ್ನ ನಂತರ ಯಾರು?

"ಒಂದು ಹೆಸರು ಬರೀರಿ. ಇಲ್ಲದಿದ್ರೆ ಖಾಲಿ ಬಿಡಿ, ಸುಳ್ಳು ಬೇಡ. ಮುಂದೆ ನಡೆಸೋರು, ಅಂದ್ರೆ ನಾಯಕರ ಎರಡನೇ ಸಾಲು, ಇಲ್ಲದ ಶಾಖೆಗಳನ್ನ ಪಕ್ಕದ ಶಾಖೆಗೆ ಸೇರಿಸಬೇಕು ಅಂತ ಕೇಂದ್ರ ಸಮಿತಿ ಹೇಳ್ತಿದೆ. ಯೋಚನೆ ಮಾಡಿ. ಮೂರನೇ ದಿನ ಬೆಳಿಗ್ಗೆ ಕೊಟ್ರೆ ಸಾಕು."

ಅವಳು ಪೆನ್ನು ಹಿಡಿದು ಕೂತಳು. ಶಾಖೆಯಲ್ಲಿ ಈಗ ನೂರಾ ನಲವತ್ತು ಜನ. ಒಂದು ಹೆಸರೂ ಹೊಳೆಯಲಿಲ್ಲ. ಜಂಟಿ ಕಾರ್ಯದರ್ಶಿ ಎಂದು ಒಬ್ಬಳಿದ್ದಳು. ಸಿರಿಂಜು ಕೈಯಲ್ಲಿ ಹಿಡಿದು ಸಿರಿಂಜು ಹುಡುಕುವ ಹುಡುಗಿ. ವಾರ್ಡಿನವರೆಲ್ಲ ಅವಳನ್ನು ಕರೆಯುವುದೇ ಗಡಿಬಿಡಿ ಎಂದು. ಅವಳ ಕೈಗೆ ಸೀಲು ಕೊಟ್ಟರೆ ಸಂಜೆಯೊಳಗೆ ಕಳೆದುಹೋಗುತ್ತದೆ ಎಂದುಕೊಂಡು ಫಾರಂ ಮಡಚಿ ಬ್ಯಾಗಿಗೆ ಹಾಕಿದಳು.

ಎರಡನೆಯ ದಿನ ಮಧ್ಯಾಹ್ನ ಹಿಂಬದಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಅವನು ಬಂದು ಎರಡು ಮೆಟ್ಟಿಲು ಕೆಳಗೆ ಕೂತ.

"ಕೂದಲು ನೆರೆತಿದೆ," ಎಂದ.

"ಯಾರದ್ದು?"

"ಇಬ್ಬರದ್ದೂ."

ಅವಳಿಗೆ ನಗು ಬಂತು. ಪೇಪರ್ ಕಪ್ಪಿನ ಅಂಚನ್ನು ಹಲ್ಲಿನಿಂದ ಕಚ್ಚುವ ಅವನ ಚಾಳಿ ಹೋಗಿರಲಿಲ್ಲ. ಕಚ್ಚಿ ಕಚ್ಚಿ ಅಂಚು ಹಪ್ಪಳದ ಹಾಗಾಗಿತ್ತು.

"ಮದುವೆ?" ಎಂದಳು, ಬೇರೆ ಕಡೆ ನೋಡುತ್ತಾ.

"ಆಗಿದ್ರೆ ಕರೀತಿರ್ಲಿಲ್ವಾ?"

"ಕರೀತಿರ್ಲಿಲ್ಲ. ಅಷ್ಟು ಒಳ್ಳೆಯವನಲ್ಲ ನೀನು."

ಅವನು ತಲೆ ಎತ್ತಿ ನೋಡಿದ. ಆ ನೋಟ ಅವಳ ಕೊರಳಿನ ಗುರುತಿನ ಕಾರ್ಡಿನಿಂದ ಶುರುವಾಗಿ ಕಿವಿಯ ಹತ್ತಿರ ಬಂದು, ಮುಂದೆ ಹೋಗಲು ಸಂಕೋಚಪಟ್ಟು ನಿಂತಿತು. ನಲವತ್ತರ ಹತ್ತಿರ ಬಂದ ಹೆಂಗಸಿಗೆ ಕಿವಿ ಬಿಸಿಯಾಗುವುದು ನಾಚಿಕೆಗೇಡು ಎಂದು ತನ್ನನ್ನೇ ಬೈದುಕೊಂಡಳು. ಕಿವಿ ಕೇಳಲಿಲ್ಲ.

"ತರಬೇತಿ ವಿಭಾಗದಲ್ಲಿ ಒಂದು ಜಾಗ ಖಾಲಿ ಇದೆ," ಎಂದ. "ಬಾ. ಕೆಲಸಕ್ಕೆ ಅಂತ ಮಾತ್ರ ಕರೀತಿಲ್ಲ. ಅರ್ಥ ಆಯ್ತಲ್ಲ?"

ಅರ್ಥವಾಗಿತ್ತು. ಒಂಬತ್ತು ವರ್ಷದಿಂದ ಕಾದದ್ದು ಈ ಮಾತಿಗೇ. ಆದರೆ ಬಾಯಿಗೆ ಬಂದದ್ದು ಬೇರೆ.

"ನಾನು ಬಿಟ್ರೆ ಶಾಖೆ ಒಂದು ವಾರ ನಿಲ್ಲಲ್ಲ. ಯಾರಿದ್ದಾರೆ ಅಲ್ಲಿ? ಒಬ್ಬರೂ ಇಲ್ಲ."

"ಒಬ್ಬರೂ?"

"ಒಬ್ಬರೂ ಇಲ್ಲ."

ಅವನು ಕಪ್ಪನ್ನು ಮುದುರಿ ಬುಟ್ಟಿಗೆ ಎಸೆದು ಎದ್ದು ಹೋದ.

ಸಂಜೆ ಗಡಿಬಿಡಿಗೆ ಫೋನ್ ಮಾಡಿದಳು. ಶಾಖೆಯ ಸಮಾಚಾರ ಕೇಳುವ ನೆವ, ಮನಸ್ಸು ತಡೆಯುತ್ತಿರಲಿಲ್ಲ.

"ಅಕ್ಕಾ, ಬೈಬೇಡಿ," ಎಂದೇ ಶುರುಮಾಡಿದಳು ಗಡಿಬಿಡಿ. "ಬಾಣಂತಿ ವಾರ್ಡಿನವಳನ್ನ ಸತತ ಮೂರನೇ ಪಾಳಿಗೆ ಹಾಕಿದ್ರು. ಬೆಳಿಗ್ಗೆ ತಲೆ ತಿರುಗಿ ಬಿದ್ಲು. ನಾವು ಹನ್ನೊಂದು ಜನ ಮೇಟ್ರನ್ ಹತ್ರ ಹೋದ್ವಿ. ಡ್ಯೂಟಿ ಪಟ್ಟಿ ಬದಲಾಯಿಸೋವರೆಗೂ ಹೊರಗಡೆ ಬೆಂಚ್ ಮೇಲೇ ಕೂತಿದ್ವಿ. ಬದಲಾಯಿಸಿದ್ರು."

"ನಂಗ್ಯಾಕೆ ಫೋನ್ ಮಾಡ್ಲಿಲ್ಲ?"

"ನೀವು ಕ್ಲಾಸಲ್ಲಿ ಇರ್ತೀರಲ್ಲ ಅಂತ. ಅಷ್ಟರಲ್ಲಿ ಮುಗಿದೂ ಹೋಯ್ತು."

ಮೊದಲು ಆದದ್ದು ತಾನಿಲ್ಲದೆ ಆಯಿತಲ್ಲ ಎಂಬ ಸಂಕಟ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಆಮೇಲೆ ನಿಧಾನಕ್ಕೆ ಭುಜ ಹಗುರಾಯಿತು. ಹಾಸ್ಟೆಲ್ ಕೋಣೆಯ ಕಿಟಕಿಯ ಬಳಿ ನಿಂತು ಬ್ಯಾಗಿನಿಂದ ಫಾರಂ ತೆಗೆದು, ಗಡಿಬಿಡಿಯ ನಿಜವಾದ ಹೆಸರನ್ನು ಅಕ್ಷರ ಅಕ್ಷರ ಜೋಡಿಸಿ ಬರೆದಳು. ಬರೆದದ್ದನ್ನು ಮೂರು ಸಲ ಓದಿಕೊಂಡಳು.

ಮೂರನೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ತರಗತಿಗೆ ಹೋದಳು. ಅಪರೂಪಕ್ಕೆ ಕಾಡಿಗೆ ಹಚ್ಚಿದ್ದಳು. ಅವನೊಬ್ಬನೇ ಕುರ್ಚಿಗಳನ್ನು ಸಾಲುಮಾಡುತ್ತಿದ್ದ. ಫಾರಂ ಕೈಗಿಟ್ಟಳು.

ಓದಿದವನ ಮುಖದ ರಕ್ತ ಇಳಿದುಹೋಯಿತು.

"ಒಬ್ಬರೂ ಇಲ್ಲ ಅಂದ್ಯಲ್ಲ," ಎಂದ.

"ನಿನ್ನೆ ಮಧ್ಯಾಹ್ನ ಇರ್ಲಿಲ್ಲ. ಸಂಜೆ ಸಿಕ್ಕಿದ್ಲು. ಯಾಕೆ?"

ಅವನು ಕುರ್ಚಿಯೊಂದರ ಬೆನ್ನು ಹಿಡಿದು ನಿಂತ. "ನಿನ್ನೆ ಸಂಜೆ ಸಮಿತಿ ಸೇರಿತ್ತು. ನಿನ್ನ ಶಾಖೆ ವರದಿ ಕಳಿಸಿಬಿಟ್ಟೆ. ಎರಡನೇ ಸಾಲು ಇಲ್ಲ, ಪಕ್ಕದ ಶಾಖೆಗೆ ಸೇರಿಸಿ ಅಂತ. ಠರಾವು ಆಗಿದೆ."

"ಬೆಳಿಗ್ಗೆವರೆಗೂ ಟೈಮ್ ಇದೆ ಅಂದಿದ್ದೆ."

"ಅಂದಿದ್ದೆ."

"ಬೇರೆ ಶಾಖೆಗಳದ್ದು?"

"ಇವತ್ತು ಕಳಿಸ್ತೀನಿ." ಅಲ್ಲಿಗೆ ಅವನ ದನಿ ಕುಗ್ಗಿತು. "ನಿನಗೋಸ್ಕರ ಮಾಡ್ದೆ. ಆ ಶಾಖೆ ಇರೋವರೆಗೂ ನೀನು ಬರಲ್ಲ. ಅದು ಇಲ್ಲ ಅಂದ್ರೆ ನಿಂಗೆ ಬಿಡುಗಡೆ ಅಂದ್ಕೊಂಡೆ."

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ಇನ್ನಾರು ತಿಂಗಳು ಅಂತಿದ್ದೆ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಆ ಕೆನ್ನೆಯನ್ನೇ ಅಂಗೈಯಲ್ಲಿ ಹಿಡಿಯಬೇಕೆಂದೂ ಅನಿಸಿತು. ಎರಡೂ ಮಾಡದೆ ಕುರ್ಚಿ ಎಳೆದು ಕೂತಳು.

"ಹದಿನೇಳು ಜನರ ಮನೆ ಮನೆಗೆ ಹೋಗಿದ್ದು ನೆನಪಿದೆಯಾ? ನಿನ್ನ ಚಪ್ಪಲಿ ಹರಿದು ಬರಿಗಾಲಲ್ಲಿ ನಡೆದಿದ್ದೆ. ಅದನ್ನ ನೀನೇ ಒಂದು ಸಾಲು ಬರೆದು ಮುಗಿಸಿದೆ. ನನ್ನ ಕೈಯಲ್ಲಿದ್ದದ್ದನ್ನ ಕಿತ್ಕೊಂಡು, ಈಗ ಕೈ ಖಾಲಿ ಇದೆ ಬಾ ಅಂತೀಯಲ್ಲ, ಹೇಗೆ ಬರ್ಲಿ?"

"ತಪ್ಪಾಯ್ತು ಅಂತ ಸಮಿತಿಗೆ ಬರೀತೀನಿ. ವರದಿ ವಾಪಸ್ ತಗೋತೀನಿ."

"ಬರಿ. ಅದು ನಿನ್ನ ಕೆಲಸ. ಬೈಲಾ ಪ್ರಕಾರ ಆಕ್ಷೇಪಣೆಗೆ ಮೂವತ್ತು ದಿನ ಇದೆ. ಸರ್ವ ಸದಸ್ಯರ ಸಭೆ ಕರೆದು, ಹೊಸ ಪದಾಧಿಕಾರಿಗಳನ್ನ ಆರಿಸಿ, ಠರಾವು ಒಪ್ಪಲ್ಲ ಅಂತ ಕಳಿಸ್ತೀನಿ. ಅದು ನನ್ನ ಕೆಲಸ."

"ಆಮೇಲೆ?"

ಕಾರಿಡಾರಿನಲ್ಲಿ ಜನರ ಮಾತು ಕೇಳತೊಡಗಿತ್ತು. ಅವನು ಮೆಲ್ಲಗೆ, ಆ ಹಳೆಯ ವಾರ್ಡಿನ ದನಿಯಲ್ಲಿ ಕೇಳಿದ.

"ಇನ್ನೇನಾದ್ರೂ ಇದೆಯಾ?"

ಎಷ್ಟೊಂದು ಇತ್ತು. ನಿನ್ನೆ ಮೆಟ್ಟಿಲ ಮೇಲೆ ಬಿಸಿಯಾದ ಕಿವಿ ಇತ್ತು, ಹಚ್ಚಿಕೊಂಡು ಬಂದ ಕಾಡಿಗೆ ಇತ್ತು.

"ಇನ್ನೇನೂ ಇಲ್ಲ," ಎಂದಳು. ಎಂದು, ಕಾದಳು. ಅವನು ಪೆನ್ನಿನ ಕ್ಯಾಪು ತೆಗೆಯಲಿ, ಹಾಕಲಿ, ಒಂದು ಬಸ್ಸಾದರೂ ಹೋಗಲಿ ಎಂದು ಕಾದಳು.

"ತಗೊಂಡೆ," ಎಂದ, ತಕ್ಷಣವೇ.

ಸಭೆ ಇಪ್ಪತ್ತಾರನೆಯ ದಿನ ನಡೆಯಿತು. ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದವರು, ಪಾಳಿಗೆ ಹೊರಟವರು, ಮಗುವನ್ನು ಸೊಂಟದಲ್ಲಿಟ್ಟುಕೊಂಡವರು ಸೇರಿ ನೂರಾ ಹದಿನೆಂಟು ಜನ. ಗಡಿಬಿಡಿ ಅವಿರೋಧವಾಗಿ ಕಾರ್ಯದರ್ಶಿಯಾದಳು. ಹತ್ತು ದಿನದ ಮೇಲೆ ವಿಲೀನ ರದ್ದಾದ ಆದೇಶ ಬಂತು. ಜೊತೆಗೆ ಅವನ ಪತ್ರದ ನಕಲು: ವರದಿ ತಪ್ಪು, ಶಾಖೆಗೆ ಎರಡನೇ ಸಾಲು ಇತ್ತು, ಅವಧಿಗೆ ಮುಂಚೆ ಕಳಿಸಿದ್ದು ನನ್ನ ಸ್ವಂತ ಕಾರಣಕ್ಕೆ. ಅವನನ್ನು ತರಬೇತಿಯಿಂದ ತೆಗೆದಿದ್ದಾರೆ, ದೂರದ ಯಾವುದೋ ಆಸ್ಪತ್ರೆಗೆ ಮತ್ತೆ ವಾರ್ಡ್ ಕೆಲಸಕ್ಕೆ ಹೋಗಿದ್ದಾನೆ ಎಂದು ಯಾರೋ ಹೇಳಿದರು. ಖಾಲಿ ಇದ್ದ ಜಾಗಕ್ಕೆ ಬೇರೊಬ್ಬರು ಬಂದರಂತೆ.

ಆದೇಶ ಬಂದ ದಿನವೇ ಶಾಖೆಯ ಕಚೇರಿಯಲ್ಲಿ ಗಡಿಬಿಡಿಯನ್ನು ಎದುರು ಕೂರಿಸಿಕೊಂಡು ಒಂದೊಂದೇ ತೆಗೆದಿಟ್ಟಳು. ಸೀಲು, ಪ್ಯಾಡು, ಪುಸ್ತಕಗಳು, ಬೀಗದ ಕೈಗಳು.

"ಇನ್ನೇನಾದ್ರೂ ಇದೆಯಾ ಅಕ್ಕಾ?"

"ಇನ್ನೇನೂ ಇಲ್ಲ."

"ತಗೊಂಡೆ," ಎಂದು ಗಡಿಬಿಡಿ ಎಲ್ಲವನ್ನೂ ಬೀರುವಿನಲ್ಲಿಟ್ಟು, ಸೀಲಿಗೊಂದು ಜಾಗ, ಪುಸ್ತಕಕ್ಕೊಂದು ಜಾಗ ಮಾಡಿ, ಬೀಗ ಹಾಕಿದಳು. ಒಪ್ಪಿಸಿದವಳು ಗೋಡೆಯ ಗಡಿಯಾರ ನೋಡಿದಳು. ಎಲ್ಲಕ್ಕೂ ಹಿಡಿದದ್ದು ನಾಲ್ಕು ನಿಮಿಷ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅಭ್ಯಾಸಬಲದಿಂದ ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡಳು. ಒಳಗೆ ಬಾಚಣಿಗೆಯೊಂದೇ ಅತ್ತಿತ್ತ ಹೊರಳಾಡುತ್ತಿತ್ತು. ಅವನ ನಂಬರು ಫೋನಿನಲ್ಲಿತ್ತು. ಒತ್ತಲು ಬೆರಳು ಹೋಗಿ ಹೋಗಿ ಬಂತು. ಅವನ ಮೇಲಿನ ಸಿಟ್ಟು ಎಂದೋ ಆರಿತ್ತು. ತಡೆದದ್ದು ಬೇರೆಯೇ, ಅದನ್ನು ಅವಳು ಚಿಕ್ಕಮ್ಮನಿಗೂ ಹೇಳಿರಲಿಲ್ಲ.

ಆ ಮೂರನೆಯ ದಿನ ಬೆಳಿಗ್ಗೆ, ಕಾಡಿಗೆ ಹಚ್ಚಿಕೊಂಡು, ಫಾರಂ ಹಿಡಿದು ಮೆಟ್ಟಿಲು ಹತ್ತುವಾಗ ಅವನಿಗೆ ಹೇಳಲೆಂದು ಒಂದು ಮಾತನ್ನು ಬಾಯಲ್ಲಿ ಹತ್ತು ಸಲ ಉರುಹೊಡೆದಿದ್ದಳು. ಆಡುವ ಮೊದಲೇ ಜಗಳವಾಗಿ ಅದು ಬಾಯಲ್ಲೇ ಉಳಿದಿತ್ತು. ಈಗಲೂ ಅಲ್ಲೇ ಇತ್ತು, ಒಂದಕ್ಷರವೂ ಆಚೀಚೆ ಆಗದೆ.

"ಬರ್ತೀನಿ. ಇವಳಿಗೆ ಎಲ್ಲ ಹೇಳಿಕೊಡ್ಬೇಕು, ಇನ್ನಾರು ತಿಂಗಳು ಕೊಡು."