ಏಳನೇ ಬಾಟಲಿಯ ಅರಗು

"ಇದು ಅದಲ್ಲ."

ಸಿದ್ದಯ್ಯ ಗ್ಲಾಸನ್ನು ಮೂಗಿನಿಂದ ದೂರ ಹಿಡಿದರು. ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆ. ಬೈರಾಪಟ್ಟಣದ ಅವರ ಮನೆಯ ಪಡಸಾಲೆಯಲ್ಲಿ ಮೂರು ಗ್ಲಾಸು ತುಂಬಿದ್ದವು. 1927ರ ಪೋರ್ಟ್ ವೈನ್ ಇಷ್ಟು ಹೊತ್ತಿಗೆ ಮಾಸಿ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರಬೇಕಿತ್ತು. ಗ್ಲಾಸಿನಲ್ಲಿದ್ದದ್ದು ಕಡುನೇರಳೆ. ಸೋಸಿದ ಬಟ್ಟೆಯಲ್ಲಿ, ಹಳೆಯ ವೈನಿನ ತಳದಲ್ಲಿ ಕೂರುವ ಮಡ್ಡಿಯ ಒಂದು ಕಣವೂ ಇರಲಿಲ್ಲ.

"ನೇರಳೆಹಣ್ಣಿನ ರಸ. ಅದ್ಕೆ ಬ್ರಾಂದಿ ಬೆರ್ಸವ್ರೆ. ಯಾರೋ ನನ್ ಬಾಟ್ಲಿ ಬದಲಾಯಿಸ್ಬುಟ್ಟವ್ರೆ!"

"ನೂರು ವರ್ಷದ್ದು ಕಣ್ ಸಿದ್ದಣ್ಣ, ಕೆಟ್ಟೋಗಿರ್ತದೆ. ಚೆಲ್ಬುಡು ಅತ್ಲಾಗೆ," ಎಂದ ಮುತ್ತುರಾಜು. ಚನ್ನಪಟ್ಟಣದಲ್ಲಿ ಅವನದು ಬೊಂಬೆ ಕಾರ್ಖಾನೆ; ತಾನೂ ಕೂತು ಬೊಂಬೆ ಮಾಡುವವನು. ಹಳೆಯ ವೈನು ಕೂಡಿಡುವ ಹುಚ್ಚು ಅವನಿಗೂ ಇತ್ತು. ಮನೆಯಲ್ಲಿ ಹದಿನೆಂಟು ಬಾಟಲಿ ಇಟ್ಟಿದ್ದ.

ಸಿದ್ದಯ್ಯ ಬೆಂಗಳೂರಿನ ಹಳೆಯ ಕ್ಲಬ್ಬೊಂದರ ಬಾರಿನಲ್ಲಿ ನಲವತ್ತು ವರ್ಷ ದುಡಿದವರು. ಕ್ಲಬ್ಬಿನವರು ನೆಲಮಾಳಿಗೆ ಖಾಲಿ ಮಾಡಿದಾಗ ಯಾರಿಗೂ ಬೇಡವಾದ ಹನ್ನೆರಡು ಬಾಟಲಿ ಇವರ ಪಾಲಾದವು. ಪೋರ್ಟ್ ಅಂದರೆ ದ್ರಾಕ್ಷಿರಸ ಅರ್ಧ ಹುದುಗಿದಾಗಲೇ ಬ್ರಾಂದಿ ಸುರಿದು ನಿಲ್ಲಿಸಿದ ಸಿಹಿ ವೈನು. ಅದಕ್ಕೇ ಅದು ಮನುಷ್ಯನಿಗಿಂತ ಹೆಚ್ಚು ಬಾಳುತ್ತದೆ. ಒಂದನ್ನು ಮೂರು ವರ್ಷದ ಹಿಂದೆ ಗೆಳೆಯರೆಲ್ಲ ಕುಡಿದಿದ್ದರು. ಉಳಿದ ಹನ್ನೊಂದು, ರೇಷ್ಮೆ ಹುಳು ಸಾಕುವ ಮನೆಯ ಒಳಕೋಣೆಯಲ್ಲಿ ಮಲಗಿದ್ದವು. ದಪ್ಪ ಮಣ್ಣಿನ ಗೋಡೆ, ವರ್ಷವಿಡೀ ತಂಪು.

ಇವತ್ತು ತೆಗೆದದ್ದು ಸಾಲಿನಲ್ಲಿ ಏಳನೆಯದು. ಕತ್ತಿನ ತನಕ ತುಂಬಿದ್ದ, ಎಲ್ಲಕ್ಕಿಂತ ಒಳ್ಳೆಯದು. ತೆಗೆದದ್ದು ಎದುರಿಗೆ ಕೂತಿದ್ದ ಸಿಂಧುವಿಗಾಗಿ.

ಸಿಂಧು ಊರಲ್ಲಿ ಕುರಿ ಸಾಕುವ ಚಿಕ್ಕಯ್ಯ ಎಂಬವನ ಮಗಳು. ಡಿಗ್ರಿ ಮುಗಿಸಿ ಸಿದ್ದಯ್ಯನವರ ಹುಳದ ಮನೆ ನೋಡಿಕೊಳ್ಳುತ್ತಿದ್ದಳು. ಅವಳ ಮೂಗು ಚುರುಕು ಅಂತ ಕಂಡುಹಿಡಿದವರೂ ಅವರೇ. ಎಂಟು ದಿನ ಬಿಟ್ಟು, ಸೋಮವಾರ, ಕನಕಪುರದ ಕಡೆಯ ವೈನರಿಯಲ್ಲಿ ರುಚಿ ನೋಡುವವರ ಕೆಲಸಕ್ಕೆ ಪರೀಕ್ಷೆ. ಅನುಭವಸ್ಥರೊಬ್ಬರ ಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ಸಿದ್ದಯ್ಯ ಪತ್ರ ಬರೆದು ಮೇಜಿನ ಮೇಲೆ ಇಟ್ಟಿದ್ದರು.

ಸಿದ್ದಯ್ಯ ಅದನ್ನು ಎತ್ತಿಕೊಂಡು ಎರಡು ತುಂಡು ಮಾಡಿದರು.

"ಕೀಲಿ ಇದ್ದುದ್ದು ನಿನ್ನೊಬ್ಳ ತಾವ."

"ತಾತ, ನಾನು..."

"ಮಾತಾಡ್ಬ್ಯಾಡ."

*

ಸಿದ್ದಯ್ಯನವರ ದೂರಿನ ಮೇಲೆ ಎಸ್‌ಐ ಭಾನುಪ್ರಿಯ ಮಧ್ಯಾಹ್ನ ಎರಡಕ್ಕೆ ಬಂದಳು. ಜೊತೆಗೆ ಕಾನ್‌ಸ್ಟೇಬಲ್ ಚಿಕ್ಕರಾಜು.

"ಮೇಡಂ, ಎಣ್ಣೆ ಕದ್ದೋರನ್ನೆಲ್ಲಾ ಹಿಡಿಯಕ್ಕೋದ್ರೆ ಅರ್ಧ ತಾಲೂಕು ಒಳಗಾಕ್ಬೇಕಾಯ್ತದೆ," ಎಂದ ಚಿಕ್ಕರಾಜು.

"ಮೊದಲು ನಿನ್ನಿಂದ ಶುರು ಮಾಡೋಣ. ಬಾ."

ಒಳಕೋಣೆಯಲ್ಲಿ ಒಂದೇ ಬಲ್ಬು, ಅದೂ ಮಂಕು. ಒಂದು ಗೋಡೆಗೆ ಬಿದಿರಿನ ಚಂದ್ರಿಕೆಗಳನ್ನು ಒರಗಿಸಿದ್ದರು. ಹುಳು ಗೂಡು ಕಟ್ಟುವ ಆ ತಟ್ಟೆಗಳಿಗೆ ರೇಷ್ಮೆಯ ಎಳೆ ಇನ್ನೂ ಅಂಟಿತ್ತು. ಇನ್ನೊಂದು ಗೋಡೆಗೆ ಹತ್ತು ಬಾಟಲಿ. ಬಾಯಿಗೆ ಕೆಂಪು ಅರಗಿನ ಮುದ್ರೆ. ಅರಗು ಮೇಣದಬತ್ತಿಯ ಹಾಗೆ ಕತ್ತಿನ ಮೇಲೆ ಸೋರಿ ಗಟ್ಟಿಯಾಗಿತ್ತು. ಪಡಸಾಲೆಯ ತಟ್ಟೆಯಲ್ಲಿ ಏಳನೇ ಬಾಟಲಿಯ ಒಡೆದ ಅರಗು ಇತ್ತು. ಭಾನುಪ್ರಿಯ ಒಂದು ಚೂರು ತಂದು ಬಾಗಿಲ ಬೆಳಕಿಗೆ ಹಿಡಿದಳು. ಕನ್ನಡಿಯ ಹಾಗೆ ಹೊಳೆಯಿತು.

"ಮುದ್ರೆ ಹಾಕಿದ್ದು ಯಾರು?"

"ಹಳೇ ಮೇಣ ಉದುರೋಗಿತ್ತು. ಹೋದ್ ವರ್ಷ ಬೊಂಬೆ ಕೆಲ್ಸದ ಮುನೇಶನ್ ಕೈಲಿ ಹಾಕಿಸ್ದೆ," ಎಂದರು ಸಿದ್ದಯ್ಯ. "ಈ ಹೊಳಪೆಲ್ಲಾ ನಾನ್ ನೋಡಿಲ್ಲ. ಕಣ್ಣಿಗೆ ಪೊರೆ ಬಂದದೆ."

ಭಾನುಪ್ರಿಯ ಸಿಂಧುವಿನ ಕಡೆ ತಿರುಗಿದಳು. "ಈ ಬಾಗಿಲು ಯಾರು ಯಾರು ತೆಗೀತಾರೆ?"

"ನಾನೊಬ್ಳೇ ಮೇಡಂ."

ತನಗೇ ಉರುಳಾಗುವ ಉತ್ತರ. ಆದರೂ ಹುಡುಗಿ ಸುಳ್ಳು ಹೇಳಲಿಲ್ಲ.

"ಈ ಚಂದ್ರಿಕೆ ಕೊನೇ ಸಲ ಹೊರಗೆ ಹೋಗಿದ್ದು ಯಾವಾಗ?"

"ಹೋದ್ ತಿಂಗ್ಳು, ಗೂಡು ಬಿಡ್ಸೋ ದಿನ."

"ಅವತ್ತು ಈ ಬಾಗಿಲು?"

"ಬೆಳಗ್ಗೆಯಿಂದ ಸಂಜೆಗಂಟ ತೆಗ್ದೇ ಇತ್ತು. ಮುಯ್ಯಾಳಿಗೆ ಕೇರಿಯೆಲ್ಲಾ ಬಂದಿತ್ತು. ನಾವ್ ಅವ್ರ ಮನೆಗೆ ಹೋಯ್ತೀವಿ, ಅವ್ರು ನಮ್ಮನೆಗೆ ಬತ್ತಾರೆ. ಅದ್ನೂ ಬಾಗ್ಲು ತೆಗ್ದಂಗೆ ಅಂತಾರಾ ಮೇಡಂ? ಅದು ಕೆಲ್ಸ ಅಲ್ವಾ?"

ಚಿಕ್ಕರಾಜು ಹಣೆ ಚಚ್ಚಿಕೊಂಡ. "ಅಯ್ಯೋ ತಾಯಿ! ಊರ್ಗೆಲ್ಲಾ ಬಾಗ್ಲು ತೆಗ್ದಿಟ್ಟು, ಕೀಲಿ ನಂದೊಂದೇ ಅಂತೀಯಲ್ಲವ್ವ!"

"ಊರಾಚೆಯಿಂದ ಯಾರು ಬಂದಿದ್ರು?"

"ಮುನೇಶಣ್ಣ. ಆಮೇಲೆ ಮುತ್ತುರಾಜಣ್ಣ, ಮಕ್ಳಿಗೆ ಅಂತ ಬೊಂಬೆ ಚೀಲ ತಂದಿದ್ರು. ಗೂಡು ಬಿಡ್ಸಕ್ಕೆ ಕಾರಲ್ ಬರೋರು ಇವ್ರೊಬ್ರೇ ಅಂತ ನಗಾಡಿದ್ವಿ."

*

ಮುನೇಶನನ್ನು ಕರೆಸಿದರು. ಅವನು ಅರಗಿನ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದ. ಉಗುರಿನಿಂದ ಮೇಲ್ಮೈ ಸವರಿದ.

"ನಿನ್ನ ಕೆಲಸಾನಾ?"

"ಅಲ್ಲ ಮೇಡಂ. ಇದು ನಂದಕ್ಕಿಂತ ಚೆಂದಾಗೈತೆ."

"ನಿನಗೆ ಹೀಗೆ ಬರಲ್ವಾ?"

ಮುನೇಶನಿಗೆ ಕೋಪವೇ ಬಂತು. "ಬರ್ದೆ ಏನು? ಈ ತಾತ ಬುಡ್ಬೇಕಲ್ಲ! ಪಕ್ಕದಲ್ಲೇ ಕುಂತ್ಕಂಡು ಬಾಟ್ಲಿ ಅಲ್ಲಾಡುಸ್ಬ್ಯಾಡ, ಮಡ್ಡಿ ಕದಡ್ತದೆ ಅಂತ ಒಂದೇ ಸಮ ಬೈಗುಳ. ಕ್ಯಾಂಡಲ್ನಾಗೆ ಅರಗು ಕಾಯ್ಸಿ, ಮಲಗಿದ್ದಂಗೇ ಮೆತ್ದೆ. ಸೋರೋದ್ ಸೋರ್ತು."

ಭಾನುಪ್ರಿಯ ಪಡಸಾಲೆಗೆ ಬಂದು ಮುತ್ತುರಾಜುವಿನ ಎದುರು ಕುರ್ಚಿ ಎಳೆದುಕೊಂಡಳು.

"ಮೂರು ವರ್ಷದ ಹಿಂದೆ ಕುಡಿದ್ರಲ್ಲ, ಆ ಖಾಲಿ ಬಾಟಲಿ ಯಾರ ಹತ್ತಿರ ಇದೆ?"

ಉತ್ತರ ಕೊಟ್ಟವರು ಸಿದ್ದಯ್ಯ. "ಮುತ್ತನೇ ಷೋಕೇಸ್ಗೆ ಅಂತ ತಗೊಂಡೋದ."

"ಅದು... ಒಡ್ದೋಯ್ತು," ಎಂದ ಮುತ್ತುರಾಜು.

"ಒಡೆದಿಲ್ಲ. ಇವತ್ತು ಇಲ್ಲಿ ಅರಗು ಒಡೆದು ತೆಗೆದದ್ದು ಅದೇ ಬಾಟಲಿ."

ಭಾನುಪ್ರಿಯ ಅರಗಿನ ಚೂರನ್ನು ಮೇಜಿನ ಮೇಲಿಟ್ಟಳು.

"ಎಲ್ಲರೂ ಬಾಟಲಿಯೊಳಗೆ ನೋಡಿದ್ರಿ. ಬಾಯಿ ಯಾರೂ ನೋಡಲಿಲ್ಲ. ಈ ಅರಗಿನ ಮೇಲೆ ಸುತ್ತಲೂ ಕೂದಲಿನಷ್ಟು ತೆಳ್ಳಗಿನ ಗೆರೆಗಳಿವೆ. ಬೊಂಬೆಗೆ ಬಣ್ಣ ಹಚ್ಚೋ ಹಾಗೆ ಲೇತಿನ ಮೇಲೆ ತಿರುಗಿಸಿ, ಅರಗಿನ ಕಡ್ಡಿ ಒತ್ತಿ, ತಾಳೆಗರಿಯಲ್ಲಿ ಉಜ್ಜಿದ್ರೆ ಮಾತ್ರ ಈ ಹೊಳಪು ಬರೋದು. ಹಳೆಯ ಪೋರ್ಟನ್ನ ಯಾರಾದರೂ ಗರಗರ ತಿರುಗಿಸ್ತಾರಾ? ಇದನ್ನ ಮಾಡಿದವರಿಗೆ ಮಡ್ಡಿಯ ಭಯ ಇರಲಿಲ್ಲ. ಯಾಕೆಂದರೆ ಒಳಗೆ ಮಡ್ಡಿಯೇ ಇರಲಿಲ್ಲ."

"ಲೇತು ಮುನೇಶನ ತಾವೂ ಐತಲ್ಲ!"

"ಇದೆ. ಮುನೇಶ ನಕಲು ಮಾಡಿದ್ರೆ ತನ್ನ ಸೋರಿಕೆಯನ್ನೂ ನಕಲು ಮಾಡ್ತಿದ್ದ. ನೀವು ಮುದ್ರೆ ನೋಡಿದ್ದು ಮಂಕು ಬಲ್ಬಿನಲ್ಲಿ; ಬರೀ ಕೆಂಪು ಕಂಡಿತು, ಸೋರಿದ್ದು ಕಾಣಲಿಲ್ಲ. ಮನೆಯಲ್ಲೇ ತಯಾರು ಮಾಡಿಕೊಂಡು ಬೊಂಬೆ ಚೀಲದಲ್ಲಿ ತಂದಿರಿ, ಅದೇ ಚೀಲದಲ್ಲಿ ಅಸಲಿ ಹೋಯಿತು. ಒರಟು ಕೆಲಸ ಸಾಕಿತ್ತು ಮುತ್ತುರಾಜು ಅವರೇ. ಬೊಂಬೆ ಮಾಡಿದ ಕೈ ಒಪ್ಪಲಿಲ್ಲ. ಇನ್ನೊಂದು ಮಾತು. ಹಳೆಯದಾದ್ರೆ ಪೋರ್ಟ್ ಬಣ್ಣ ಮಾಸುತ್ತೆ ಅಂತ ಸಿದ್ದಯ್ಯನವರು ನನಗೆ ಬಂದ ಕೂಡಲೇ ಹೇಳಿದ್ರು. ಹದಿನೆಂಟು ಬಾಟಲಿ ಇಟ್ಟಿರೋ ನೀವು, ಆ ಕಡುಬಣ್ಣ ನೋಡಿ 'ಕೆಟ್ಟೋಗಿದೆ' ಅಂದಿರಿ?"

ಮುತ್ತುರಾಜು ತಲೆ ತಗ್ಗಿಸಿದ.

"ಕುಡ್ದಿಲ್ಲ ಮೇಡಂ. ಮುದ್ರೆನೂ ಒಡ್ದಿಲ್ಲ. ಬೀರುನಾಗೆ ಮಲಗ್ಸಿವ್ನಿ."

"ಥೂ ನಿನ್ನ! ಕೇಳಿದ್ರೆ ಕುಡಿಸ್ತಿದ್ನಲ್ಲೋ," ಎಂದರು ಸಿದ್ದಯ್ಯ.

"ನೀನ್ ಕುಡಿಸ್ತಿದ್ದೆ ಕಣಣ್ಣ. ಬಾಟ್ಲಿ ಕೊಡ್ತಿರ್ನಿಲ್ಲ. ನನ್ ಮನೇಲಿ ಇರ್ಬೇಕಿತ್ತು ಅದು."

"ದೂರು ಏನ್ ಮಾಡ್ತೀರಾ?" ಭಾನುಪ್ರಿಯ ಕೇಳಿದಳು.

ಸಿದ್ದಯ್ಯ ಸಿಂಧುವಿನ ಮುಖ ನೋಡಿದರು. "ಮರ್ಯಾದೆ ಹೋಗಿದ್ದು ಅವ್ಳುದು. ಅವ್ಳೇ ಹೇಳ್ಲಿ."

"ಇವ್ರು ಬಾಟ್ಲಿ ತಂದಿಡ್ಲಿ," ಎಂದಳು ಸಿಂಧು. "ಆಮೇಲೆ ನಮ್ಮಪ್ಪನ ಮುಂದೆ ನಿಂತ್ಕಂಡು, ಕದ್ದಿದ್ದು ನಾನು ಅನ್ಲಿ. ನೀವೂ ಬನ್ನಿ ತಾತ. ನನ್ನ ಕಳ್ಳಿ ಅಂದಿದ್ದು ನೀವು."

ಸಿದ್ದಯ್ಯನವರಿಗೆ ಎಪ್ಪತ್ತೆರಡು ವರ್ಷ. ಯಾರ ಹಟ್ಟಿಗೂ ಹೋಗಿ ತಪ್ಪಾಯಿತು ಅಂದವರಲ್ಲ. ಎದ್ದು ಚಪ್ಪಲಿ ಮೆಟ್ಟಿದರು.

"ಬಾಟ್ಲಿ ತೆಗ್ಯೋ ದಿನ ಮುನೇಶನ್ಗೂ ಒಂದ್ ಗ್ಲಾಸು ಇಡ್ಬೇಕು ಕಣವ್ವ," ಎಂದರು ದಾರಿಯಲ್ಲಿ.

*

ಮಡ್ಡಿ ತಳ ಸೇರಲು, ಮುತ್ತುರಾಜು ತಂದಿಟ್ಟ ಬಾಟಲಿಯನ್ನು ನಾಲ್ಕು ದಿನ ಅಲ್ಲಾಡಿಸದೆ ನಿಲ್ಲಿಸಿದರು. ಶುಕ್ರವಾರ ತೆಗೆದಾಗ ಗ್ಲಾಸಿಗೆ ಬಿದ್ದದ್ದು ಡಿಕಾಕ್ಷನ್ ಬಣ್ಣ. ಮುನೇಶ ಒಂದು ಗುಟುಕು ಕುಡಿದು, "ಕೆಮ್ಮಿನ ಔಷ್ದಿ ಕಣ್ರಪ್ಪ ಇದು," ಅಂದ. ಸಿಂಧು ಮಾತ್ರ ಕುಡಿಯದೆ ಬಹಳ ಹೊತ್ತು ಮೂಸಿದಳು.

"ಕಾಯಿಸಿದ ಬೆಲ್ಲ. ಒಣಗಿದ ಕಿತ್ತಳೆ ಸಿಪ್ಪೆ." ಒಂದು ಗುಟುಕು ಬಾಯಲ್ಲಿ ಹಿಡಿದು ನುಂಗಿದಳು. "ಕೊನೇಗೆ... ಹುರಿದ ಹುರುಳಿಕಾಳು."

ಸಿದ್ದಯ್ಯ ತಮ್ಮ ಗ್ಲಾಸನ್ನು ಮತ್ತೆ ಮೂಗಿಗೆ ಹಿಡಿದರು. ಹುರುಳಿ. ಇತ್ತು! ಮೂರು ವರ್ಷದ ಹಿಂದೆ ಇದೇ ವೈನು ಕುಡಿದಾಗ ಅವರಿಗೆ ಸಿಕ್ಕಿರಲಿಲ್ಲ. ಫೋನ್ ತೆಗೆದು ವೈನರಿಯವರಿಗೆ ಕರೆ ಮಾಡಿದರು.

"ಸೋಮವಾರ ಸಿಂಧು ಅಂತ ಒಬ್ಳು ಬತ್ತಾಳೆ. ಪತ್ರ ಕೊಟ್ಟು ಕಳಿಸ್ತೀನಿ. ಚೆನ್ನಾಗಿ ಕಲೀತಾಳೆ ಅಂತ ಮೊದ್ಲು ಬರ್ದಿದ್ದೆ, ಅದು ಸರಿಯಿಲ್ಲ. ನಿಮ್ಮೋರು ಇವ್ಳ ತಾವ ಕಲೀಬೇಕಾಯ್ತದೆ."

ಸಿಂಧು ಅವರ ಮಾತು ಕೇಳುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ ಖಾಲಿ ಗ್ಲಾಸು ಮುಂದೆ ಚಾಚಿದಳು.

"ಇನ್ನೊಂದ್ ಒಸಿ ಹಾಕಿ ತಾತ. ಹುರುಳಿ ಆದ್ಮೇಲೆ ಇನ್ನೂ ಏನೋ ಐತೆ."